ಗೋಳಗುಮ್ಮಟದ ಮಾತು ಕೇಳಬೇಕೆಂದರೆ ಎಷ್ಟು ಗಂಟೆಗೆ ಹೋಗಬೇಕು?

ದಸರಾ ರಜೆ ಹತ್ತಿರ ಬಂತೆಂದರೆ ನಮ್ಮ ಮನೆಗೆ ಫೋನುಗಳು ಶುರುವಾಗುತ್ತವೆ. ಬೆಂಗಳೂರಿನಿಂದ ಖಾಲಾ, ಹುಬ್ಬಳ್ಳಿಯಿಂದ ಮಾಮು, ಕೆಲವೊಮ್ಮೆ ಅವರ ಪಕ್ಕದ ಮನೆಯವರು. ಎಲ್ಲರದೂ ಒಂದೇ ಪ್ರಶ್ನೆ: "ಬಿಜಾಪುರ ನೋಡೋದಕ್ಕೆ ಒಂದು ದಿನ ಸಾಕಾ?" (2014ರ ನವೆಂಬರ್ 1ರಿಂದ ಊರಿನ ಹೆಸರು ವಿಜಯಪುರ ಎಂದಾಗಿದ್ದರೂ ನಮ್ಮ ಮನೆಯ ಉರ್ದುವಿನಲ್ಲಿ ಅದು ಇನ್ನೂ ಬಿಜಾಪುರವೇ.) ನೆಂಟರನ್ನು ತಿರುಗಾಡಿಸುವ ಕೆಲಸ ಮೂರು ವರ್ಷದಿಂದ ನನ್ನ ಪಾಲಿಗೆ ಬಂದಿದೆ. ಅವರ ಪ್ರಶ್ನೆಗೆ ನಾನು ಕೊಡುವ ಉತ್ತರ ಹೀಗೆ: ಒಂದು ದಿನ ಸಾಕು, ಆದರೆ ಆ ದಿನ ಎಷ್ಟು ಗಂಟೆಗೆ ಶುರುವಾಗುತ್ತದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ನಮ್ಮ ಕಾಲೇಜಿನಲ್ಲಿ ಓದುವ ಎಲ್ಲರ ಮನೆಗೂ ಹೀಗೆ ನೆಂಟರು ಬರುತ್ತಾರೆ. ಹಾಸ್ಟೆಲ್‌ನಲ್ಲಿರುವವರ ತಂದೆತಾಯಿ ಮಕ್ಕಳನ್ನು ನೋಡಲು ಬಂದಾಗ ಊರನ್ನೂ ನೋಡಿ ಹೋಗಬೇಕೆನ್ನುತ್ತಾರೆ. ಹೆಚ್ಚಿನವರು ಬೆಳಿಗ್ಗೆ ನಾಷ್ಟಾ ಮುಗಿಸಿ, ಹೊರಡುವ ಹೊತ್ತಿಗೆ ಹತ್ತೂವರೆ ಮಾಡಿಕೊಂಡು, ಗೋಳಗುಮ್ಮಟ ಹತ್ತಿ, ಕಿವಿ ಮುಚ್ಚಿಕೊಂಡು ಇಳಿದು ಬರುತ್ತಾರೆ. "ದೊಡ್ಡದಿದೆ, ಆದರೆ ಬರೀ ಗಲಾಟೆ" ಎನ್ನುತ್ತಾರೆ. ಈ ಮಾತು ಕೇಳಿದಾಗ ನನಗೆ ಬೇಸರವಾಗುತ್ತದೆ. ಅವರು ಕಟ್ಟಡವನ್ನು ನೋಡಿದ್ದಾರೆ. ಅದರ ಮಾತನ್ನು ಕೇಳಿಲ್ಲ.

ಬೇರೆ ಊರುಗಳಲ್ಲಿ ಜನಸಂದಣಿ ಎಂದರೆ ತೊಂದರೆ ಅಷ್ಟೇ. ಸಾಲಿನಲ್ಲಿ ನಿಲ್ಲಬೇಕು, ಬೆವರಬೇಕು, ಫೋಟೋದಲ್ಲಿ ಅಪರಿಚಿತರು ಬರುತ್ತಾರೆ. ಕೊನೆಗೆ ಅರಮನೆ ಅರಮನೆಯೇ, ಕೆರೆ ಕೆರೆಯೇ. ಗೋಳಗುಮ್ಮಟದಲ್ಲಿ ಹಾಗಲ್ಲ. ಅಲ್ಲಿ ನೋಡಲು ಬಂದ ವಸ್ತುವನ್ನೇ ಜನಸಂದಣಿ ಇಲ್ಲದಂತೆ ಮಾಡುತ್ತದೆ. ಯಾಕೆಂದು ವಿವರಿಸುತ್ತೇನೆ.

ಗುಮ್ಮಟವು ಮುಹಮ್ಮದ್ ಆದಿಲ್ ಶಾಹನ ಸಮಾಧಿ. ಆತ 1627ರಿಂದ 1656ರವರೆಗೆ ಆಳಿದ. ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ಕೆಳಗೆ ಒಂದೂ ಕಂಬವಿಲ್ಲ. ಒಂದನ್ನೊಂದು ಕತ್ತರಿಸುವ ಕಮಾನುಗಳು ಇಡೀ ಭಾರವನ್ನು ಗೋಡೆಗಳಿಗೆ ದಾಟಿಸುತ್ತವೆ. ಗುಮ್ಮಟದ ಬುಡದಲ್ಲಿ ಒಳಸುತ್ತಿಗೆ ಸುಮಾರು ಮೂರು ಮೀಟರ್ ಅಗಲದ ಗ್ಯಾಲರಿ ಇದೆ. ಪಿಸುಮಾತಿನ ಗ್ಯಾಲರಿ ಎನ್ನುವುದು ಇದನ್ನೇ. ಗೋಡೆಗೆ ಬಾಯಿ ಹತ್ತಿರ ಇಟ್ಟು ಪಿಸುಗುಟ್ಟಿದರೆ ಸದ್ದು ಬಾಗಿದ ಗೋಡೆಯನ್ನೇ ಹಿಡಿದು ಸಾಗಿ, ಎದುರು ತುದಿಯಲ್ಲಿ ಗೋಡೆಗೆ ಕಿವಿ ಕೊಟ್ಟವರಿಗೆ ಕೇಳಿಸುತ್ತದೆ. ಇದು ಒಂದು ಆಟ. ಇನ್ನೊಂದು ಆಟ ಪ್ರತಿಧ್ವನಿಯದು. ಸದ್ದು ಒಂದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಚಪ್ಪಾಳೆಯ ಸದ್ದು ಎದುರು ಗೋಡೆಗೆ ಹೋಗಿ ಬರಲು 76 ಮೀಟರ್, ಅಂದರೆ ಸೆಕೆಂಡಿನ ಐದನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು. ಎರಡು ಸದ್ದುಗಳನ್ನು ಬೇರೆ ಬೇರೆಯಾಗಿ ಗುರುತಿಸಲು ನಮ್ಮ ಕಿವಿಗೆ ಸೆಕೆಂಡಿನ ಹತ್ತನೇ ಒಂದು ಭಾಗ ಸಾಕು ಎಂದು ಹೈಸ್ಕೂಲಿನಲ್ಲಿ ಓದಿದ್ದೇವೆ. ಹಾಗಾಗಿ ಪ್ರತಿ ಸಲ ಮರಳಿ ಬಂದ ಚಪ್ಪಾಳೆಯೂ ಬೇರೆಯಾಗಿಯೇ ಕೇಳುತ್ತದೆ. ಏಳು ಸಲ ಎಂದು ಗೈಡ್‌ಗಳು ಹೇಳುತ್ತಾರೆ. ಗಾಳಿಯಿಲ್ಲದ ಒಂದು ಬೆಳಿಗ್ಗೆ ನಾನು ಒಂಬತ್ತರವರೆಗೆ ಎಣಿಸಿದ್ದೇನೆ. ಇದನ್ನು ಬೋಲ್ ಗುಂಬಜ್, ಅಂದರೆ ಮಾತಾಡುವ ಗುಮ್ಮಟ ಎಂದು ಕರೆಯುವುದು ಸುಮ್ಮನೆ ಅಲ್ಲ.

ಈಗ ಲೆಕ್ಕ ಹಾಕಿ. ಒಂದು ಕೂಗು ಏಳಾಗುತ್ತದೆ. ಶಾಲೆಯ ಪ್ರವಾಸದ ಒಂದು ಬಸ್ಸಿನಿಂದ ಐವತ್ತು ಮಕ್ಕಳು ಒಟ್ಟಿಗೆ ಕೂಗಿದರೆ ಮುನ್ನೂರ ಐವತ್ತು. ಮೊದಲನೆಯದು ಆರುವ ಮೊದಲೇ ಎರಡನೆಯದು ಬಂದು ಸೇರುತ್ತದೆ. ಅಂಥ ಬಸ್ಸು ಡಿಸೆಂಬರಿನಲ್ಲಿ ಒಂದೇ ಬರುವುದಿಲ್ಲ, ಸಾಲಾಗಿ ನಿಂತಿರುತ್ತವೆ. ಆ ಹೊತ್ತಿನಲ್ಲಿ ಗ್ಯಾಲರಿಯಲ್ಲಿ ಕೇಳುವುದು ರೈಲು ಸುರಂಗದೊಳಗೆ ಹೋದಂಥ ಒಂದೇ ಗದ್ದಲ. ಮಕ್ಕಳದು ತಪ್ಪೇನಿಲ್ಲ. "ಕೂಗಿ ನೋಡಿ" ಎಂದು ಹೇಳಿಯೇ ಅವರನ್ನು ಕರೆತಂದಿರುತ್ತಾರೆ, ನಾನೂ ಐದನೇ ತರಗತಿಯಲ್ಲಿ ಗಂಟಲು ಹರಿಯುವಂತೆ ಕೂಗಿದವಳೇ.

ನಮ್ಮ ಅರ್ಥಶಾಸ್ತ್ರದ ಪಾಠದಲ್ಲಿ ಸಾರ್ವಜನಿಕ ಸರಕು ಎಂಬ ಮಾತು ಬರುತ್ತದೆ. ಬೀದಿದೀಪದ ಬೆಳಕನ್ನು ಒಬ್ಬರು ಬಳಸಿದರೆ ಇನ್ನೊಬ್ಬರಿಗೆ ಕಡಿಮೆಯಾಗುವುದಿಲ್ಲ. ಗೋಳಗುಮ್ಮಟದ ಮೌನ ಹಾಗಲ್ಲ. ಒಬ್ಬರು ಅದನ್ನು ಬಳಸಿದ ಕೂಡಲೇ ಉಳಿದವರಿಗೆ ಅದು ಇರುವುದಿಲ್ಲ. ಟಿಕೆಟ್ ಎಲ್ಲ ಹೊತ್ತಿನಲ್ಲೂ ಒಂದೇ ದರ, ಸಿಗುವ ಸರಕು ಮಾತ್ರ ಬೆಳಿಗ್ಗೆ ಆರೂವರೆಗೆ ಒಂದು, ಹನ್ನೊಂದಕ್ಕೆ ಇನ್ನೊಂದು. ದರ ಬದಲಾಗದ ಕಡೆ ಗಿರಾಕಿಯೇ ತನ್ನ ವೇಳೆ ಬದಲಿಸಿಕೊಳ್ಳಬೇಕು.

ಗುಮ್ಮಟದ ಬಾಗಿಲು ಬೆಳಿಗ್ಗೆ 6ಕ್ಕೆ ತೆರೆಯುತ್ತದೆ, ಸಂಜೆ 6ಕ್ಕೆ ಮುಚ್ಚುತ್ತದೆ. ಹೊರಗಿನಿಂದ ಬರುವವರಿಗೆ ಈ ಆರು ಗಂಟೆಯ ವಿಷಯ ಗೊತ್ತಿರುವುದೇ ಇಲ್ಲ. ಸರ್ಕಾರಿ ಕಚೇರಿಯಂತೆ ಹತ್ತಕ್ಕೆ ತೆರೆಯುತ್ತದೆ ಎಂದುಕೊಳ್ಳುತ್ತಾರೆ. ಹತ್ತಕ್ಕೆ ತೆರೆಯುವುದು ಎದುರಿನ ನಗಾರಖಾನೆಯ ಕಟ್ಟಡದಲ್ಲಿರುವ ವಸ್ತುಸಂಗ್ರಹಾಲಯ. ಬೇಸಿಗೆಯಲ್ಲಾದರೆ ಫಜರ್ ನಮಾಜ್ ಆದ ಮೇಲೆ ಮತ್ತೆ ಮಲಗದೆ ಹೊರಟರೆ ಸರಿಯಾಗುತ್ತದೆ. ಡಿಸೆಂಬರ್, ಜನವರಿಯಲ್ಲಿ ನಮ್ಮ ಕಡೆ ಸೂರ್ಯ ಹುಟ್ಟುವುದೇ ಸುಮಾರು ಏಳಕ್ಕೆ. ಮೆಟ್ಟಿಲ ದಾರಿ ಕತ್ತಲಾಗಿರುವುದರಿಂದ ಆಗ ಏಳಕ್ಕೆ ಹೋಗುವುದೇ ಒಳ್ಳೆಯದು. ಏನೇ ಆದರೂ ಎಂಟೂವರೆಯೊಳಗೆ ಗ್ಯಾಲರಿ ಮುಗಿಸಿ ಇಳಿದಿರಬೇಕು. ಆಲಮಟ್ಟಿ, ಕೂಡಲಸಂಗಮ, ಬಾದಾಮಿ ಕಡೆಯಿಂದ ಬರುವ ಪ್ರವಾಸದ ಬಸ್ಸುಗಳು ಒಂಬತ್ತರ ನಂತರ ಸೇರಲು ಶುರುವಾಗುತ್ತವೆ.

ಮೆಟ್ಟಿಲುಗಳ ವಿಷಯ ನೆಂಟರಿಗೆ ಮೊದಲೇ ಹೇಳಬೇಕು. ಗುಮ್ಮಟದ ನಾಲ್ಕು ಮೂಲೆಗೆ ಏಳು ಅಂತಸ್ತಿನ ಎಂಟು ಮುಖದ ಗೋಪುರಗಳಿವೆ. ಗ್ಯಾಲರಿಗೆ ಹತ್ತುವುದು ಗೋಪುರದೊಳಗಿನ ಮೆಟ್ಟಿಲಿನಿಂದ. ಮೆಟ್ಟಿಲುಗಳು ನೂರಕ್ಕೂ ಹೆಚ್ಚು, ಎತ್ತರವಾಗಿವೆ, ದಾರಿ ಇಕ್ಕಟ್ಟು. ಜನ ಹೆಚ್ಚಿದ್ದಾಗ ಇಳಿಯುವವರಿಗೆ ದಾರಿ ಬಿಡಲು ಗೋಡೆಗೆ ಒತ್ತಿ ನಿಲ್ಲಬೇಕು. ಮೊಣಕಾಲು ನೋವಿರುವವರು, ಎತ್ತಿಕೊಂಡ ಮಗುವಿರುವವರು ಮಧ್ಯದಲ್ಲಿ ನಿಂತರೆ ಹಿಂದಿನವರೆಲ್ಲ ನಿಲ್ಲುತ್ತಾರೆ. ಬೆಳಿಗ್ಗೆ ಹೋದರೆ ಒಂದೊಂದು ಅಂತಸ್ತಿನಲ್ಲಿ ಕಿಟಕಿಯ ಹತ್ತಿರ ನಿಂತು, ಉಸಿರು ತೆಗೆದುಕೊಂಡು, ಯಾರ ಅವಸರವೂ ಇಲ್ಲದೆ ಹತ್ತಬಹುದು. ಮೇಲೆ ಮೊದಲು ಸಿಗುವುದು ಗುಮ್ಮಟದ ಸುತ್ತಲಿನ ಬಯಲು. ಅಲ್ಲಿಂದ ಇಡೀ ಊರು ಕಾಣುತ್ತದೆ. ಅಲ್ಲಿಂದ ಸಣ್ಣ ಬಾಗಿಲುಗಳ ಮೂಲಕ ಒಳಗಿನ ಗ್ಯಾಲರಿಗೆ ಹೋಗಬೇಕು.

ಹತ್ತಲಾಗದವರು ಏನು ಮಾಡಬೇಕು? ಇದಕ್ಕೆ ಉತ್ತರ ನಮ್ಮ ನಾನಿಯಿಂದ ಸಿಕ್ಕಿತು. ನಾನಿ ಹುಟ್ಟಿದ್ದು ಇದೇ ಊರಿನಲ್ಲಿ. ಆದರೆ ಅವರು ಗುಮ್ಮಟಕ್ಕೆ ಹೋಗುತ್ತಿದ್ದದ್ದು ಹೆಚ್ಚಾಗಿ ಬಾಸಿ ಈದ್ ದಿನ, ಅಂದರೆ ಹಬ್ಬದ ಮರುದಿನ, ಅರ್ಧ ಊರೇ ಮಕ್ಕಳನ್ನು ಕಟ್ಟಿಕೊಂಡು ಅಲ್ಲಿಗೆ ಬಂದಿರುವಾಗ. ಈಗ ಹತ್ತು ಮೆಟ್ಟಿಲೂ ಅವರಿಗೆ ಕಷ್ಟ. ಹೋದ ವರ್ಷ ಖಾಲಾ ಬಂದಾಗ "ನಾನು ಬರೋದಿಲ್ಲ, ಆ ಗದ್ದಲ ನನಗೆ ಬೇಡ" ಎಂದರು. ಬೆಳಿಗ್ಗೆ ಆರೂಕಾಲಕ್ಕೆ ಆಟೋದಲ್ಲಿ ಕರೆದೊಯ್ದು ಕೆಳಗೆ ಸಮಾಧಿಯ ಕಟ್ಟೆಯ ಹತ್ತಿರ ಕೂರಿಸಿದೆವು. ಪಾರಿವಾಳದ ರೆಕ್ಕೆಯ ಸದ್ದು ಬಿಟ್ಟರೆ ಏನೂ ಇರಲಿಲ್ಲ. ಖಾಲಾನ ಆರು ವರ್ಷದ ಮಗಳು ಮೇಲಿನಿಂದ ಕೂಗದೆ, ಮನೆಯಲ್ಲಿ ಕರೆಯುವಂತೆಯೇ "ನಾನೀ" ಎಂದಳು. ಆ ಒಂದು ಮಾತು ಕೆಳಗಿಳಿಯುತ್ತ, ಸುತ್ತುತ್ತ, ಸಣ್ಣದಾಗುತ್ತ ಬಂತು. ನಾನಿ ತಲೆ ಎತ್ತಿ ನೋಡಿ, "ಎಷ್ಟು ಜನ ಮೊಮ್ಮಕ್ಕಳಿದ್ದಾರೆ ಮೇಲೆ?" ಎಂದು ನಕ್ಕರು. ಅರವತ್ತು ದಾಟಿದ ಮೇಲೆ ತಮ್ಮೂರಿನ ಗುಮ್ಮಟದ ಮಾತನ್ನು ಅವರು ಸರಿಯಾಗಿ ಕೇಳಿದ್ದು ಅಂದೇ ಎಂದು ಆಮೇಲೆ ಹೇಳಿದರು. ಹಾಗಾಗಿ ಹಿರಿಯರನ್ನು ಮನೆಯಲ್ಲಿ ಬಿಟ್ಟು ಹೋಗಬೇಡಿ. ಬೇಗ ಕರೆದೊಯ್ಯಿರಿ, ಅಷ್ಟೇ.

ಇನ್ನು ಯಾವ ತಿಂಗಳು ಎಂಬ ಪ್ರಶ್ನೆ. ಪ್ರವಾಸದ ಪುಸ್ತಕಗಳು ನವೆಂಬರಿನಿಂದ ಫೆಬ್ರವರಿ ಎನ್ನುತ್ತವೆ. ಹವೆ ಚೆನ್ನಾಗಿರುತ್ತದೆ, ನಿಜ. ಶಾಲಾ ಪ್ರವಾಸಗಳೂ ಅದೇ ತಿಂಗಳುಗಳಲ್ಲಿ ಎಂಬುದನ್ನು ಅವು ಹೇಳುವುದಿಲ್ಲ. ಜನವರಿಯಲ್ಲಿ ಸಂಕ್ರಾಂತಿಯ ಹೊತ್ತಿಗೆ ಸಿದ್ಧೇಶ್ವರ ಜಾತ್ರೆ ನಡೆಯುತ್ತದೆ. ಜಾತ್ರೆ ನೋಡಬೇಕೆಂದೇ ಬರುವವರಿಗೆ ಅದು ಸರಿಯಾದ ಸಮಯ; ಸ್ಮಾರಕ ನೋಡಲು ಬರುವವರಿಗೆ ಆ ವಾರದಲ್ಲಿ ಲಾಡ್ಜ್ ಸಿಗುವುದು, ರಸ್ತೆ ದಾಟುವುದು ಎರಡೂ ಕಷ್ಟ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ, ಕಲ್ಲು ಕಾದಿರುತ್ತದೆ, ಮಕ್ಕಳು ಅಳುತ್ತಾರೆ. ನನ್ನನ್ನು ಕೇಳಿದರೆ ಜುಲೈ ಮತ್ತು ಆಗಸ್ಟ್. ಮಳೆಗಾಲವೆಂದು ಜನ ಹಿಂದೆ ಸರಿಯುತ್ತಾರೆ. ಆದರೆ ನಮ್ಮದು ಮಳೆ ಕಡಿಮೆ ಇರುವ ಜಿಲ್ಲೆ. ಮಲೆನಾಡಿನಂತೆ ದಿನವಿಡೀ ಸುರಿಯುವುದಿಲ್ಲ. ಮೋಡ ಮುಚ್ಚಿದ ಆಕಾಶ, ಗಾಳಿ, ತಣ್ಣಗಿನ ಕಲ್ಲು, ಖಾಲಿ ಗ್ಯಾಲರಿ. ಶಾಲೆ ಕಾಲೇಜು ನಡೆಯುವ ಸಮಯವಾದ್ದರಿಂದ ಮಕ್ಕಳಿರುವ ನೆಂಟರಿಗೆ ಬರುವುದು ಕಷ್ಟ ಎಂಬುದೊಂದೇ ಕೊರತೆ. ಎರಡನೇ ಶನಿವಾರ ಹಿಡಿದು ಬಂದರೆ ಅದೂ ಆಗುತ್ತದೆ.

ವಾರದ ದಿನಗಳಲ್ಲಿ ಭಾನುವಾರ ಸಂಜೆ ಬಿಡಿ. ಅಂದು ಹೊರಗಿನವರ ಜೊತೆಗೆ ಊರಿನವರೂ ಗುಮ್ಮಟದ ಹುಲ್ಲುಹಾಸಿಗೆ ಬರುತ್ತಾರೆ. ಶುಕ್ರವಾರದ ವಿಷಯ ನಮ್ಮ ಓದುಗರಿಗೆ ಹೇಳಬೇಕಾಗಿಲ್ಲ, ಆದರೆ ನೆಂಟರಿಗೆ ಎರಡು ಮಾತು ಹೇಳಬೇಕಾಗುತ್ತದೆ. ಒಂದು, ಗುಮ್ಮಟದ ಎದುರಿನ ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ. ಎರಡು, ಜಾಮಿಯಾ ಮಸೀದಿ ನಮಾಜ್ ನಡೆಯುವ ಮಸೀದಿ. ಒಂದನೆಯ ಅಲಿ ಆದಿಲ್ ಶಾಹ ಶುರು ಮಾಡಿಸಿದ್ದು, ಇಂದಿಗೂ ಪೂರ್ತಿಯಾಗಿಲ್ಲ. ನೆಲದ ಮೇಲೆ 2,250 ಜನರಿಗೆ ಮುಸಲ್ಲಾದಂತೆ ಒಂದೊಂದು ಜಾಗ ಗೆರೆ ಹಾಕಿ ಗುರುತಿಸಲಾಗಿದೆ. ಶುಕ್ರವಾರ ಮಧ್ಯಾಹ್ನ ಜುಮ್ಮಾ ಹೊತ್ತಿನಲ್ಲಿ ಕ್ಯಾಮೆರಾ ಹಿಡಿದು ಅಲ್ಲಿಗೆ ಹೋಗುವುದು ನೋಡುವವರಿಗೂ ನಮಾಜಿಗೆ ಬಂದವರಿಗೂ ಚೆನ್ನಾಗಿರುವುದಿಲ್ಲ. ಬೇರೆ ದಿನ, ಎರಡು ನಮಾಜುಗಳ ನಡುವೆ, ಚಪ್ಪಲಿ ಹೊರಗೆ ಬಿಟ್ಟು, ತಲೆ ಮುಚ್ಚಿಕೊಂಡು ಹೋದರೆ ಆ ಸಾಲು ಸಾಲು ಕಮಾನುಗಳ ಕೆಳಗೆ ಬೇಸಿಗೆಯಲ್ಲೂ ತಂಪಿರುತ್ತದೆ. ಮುಸ್ಲಿಮೇತರ ಗೆಳತಿಯರನ್ನು ನಾನು ಕರೆದೊಯ್ದಿದ್ದೇನೆ. ಯಾರೂ ಬೇಡವೆಂದಿಲ್ಲ. ಆಸಾರ್ ಮಹಲ್‌ಗೆ ಹೋಗುವವರು ಮೊದಲೇ ತಿಳಿದಿರಲಿ: ಹಜರತ್ ಪೈಗಂಬರರ ಪವಿತ್ರ ಕೂದಲನ್ನು ಇಟ್ಟಿರುವ ಜಾಗವಾದ್ದರಿಂದ ಒಳಗೆ ಹೆಂಗಸರಿಗೆ ಪ್ರವೇಶವಿಲ್ಲ. ನಾವು ಹೊರಗೆ ಕೊಳದ ಹತ್ತಿರ ನಿಂತು ಎತ್ತರದ ಮರದ ಕಂಬಗಳನ್ನು ನೋಡಿ ಬರುತ್ತೇವೆ.

ಗುಮ್ಮಟ ಮುಗಿದ ಮೇಲೆ ಮುಂದೆಲ್ಲಿ? ಇಲ್ಲಿ ಊರಿನ ನಕ್ಷೆ ಕೆಲಸಕ್ಕೆ ಬರುತ್ತದೆ. ಗೋಳಗುಮ್ಮಟ ಪೂರ್ವದ ತುದಿಯಲ್ಲಿದೆ, ರೈಲು ನಿಲ್ದಾಣವೂ ಅದೇ ಕಡೆ. ಇಬ್ರಾಹಿಂ ರೋಜಾ ಪಶ್ಚಿಮದ ತುದಿಯಲ್ಲಿ, ಕೋಟೆಯ ಹೊರಗೆ. ಪ್ರವಾಸದ ಬಸ್ಸುಗಳು ಮೊದಲು ಗುಮ್ಮಟಕ್ಕೆ ಬಂದು, ಆಮೇಲೆ ಪಶ್ಚಿಮಕ್ಕೆ ಸಾಗುತ್ತವೆ. ನೀವು ಅವುಗಳಿಗಿಂತ ಎರಡು ತಾಸು ಮುಂದಿದ್ದರೆ ದಿನವಿಡೀ ಮುಂದೆಯೇ ಇರುತ್ತೀರಿ. ಎಂಟೂವರೆಗೆ ಇಳಿದು, ಸ್ಟೇಷನ್ ರಸ್ತೆಯಲ್ಲಿ ನಾಷ್ಟಾ ಮಾಡಿ, ಒಂಬತ್ತೂವರೆಗೆ ಇಬ್ರಾಹಿಂ ರೋಜಾದಲ್ಲಿರಿ. ಬಸ್ಸಿನವರು ಆಗ ಗುಮ್ಮಟದ ಮೆಟ್ಟಿಲ ಬುಡದಲ್ಲಿರುತ್ತಾರೆ.

ನನಗೆ ಗುಮ್ಮಟಕ್ಕಿಂತ ರೋಜಾವೇ ಹೆಚ್ಚು ಇಷ್ಟ. ಎರಡನೆಯ ಇಬ್ರಾಹಿಂ ಆದಿಲ್ ಶಾಹ ಮತ್ತು ಆತನ ರಾಣಿ ತಾಜ್ ಸುಲ್ತಾನಾ ಅಲ್ಲಿದ್ದಾರೆ. ಒಂದೇ ಎತ್ತರದ ಕಟ್ಟೆಯ ಮೇಲೆ ಸಮಾಧಿ ಮತ್ತು ಮಸೀದಿ ಎದುರುಬದುರಾಗಿ ನಿಂತಿವೆ, ನಡುವೆ ಕಾರಂಜಿಯ ಕೊಳ. ಕಿಟಕಿಗಳನ್ನು ಹತ್ತಿರದಿಂದ ನೋಡಿ. ಜಾಲಿ ಎಂದು ನಾವು ತಿಳಿದದ್ದು ಜಾಲಿ ಅಲ್ಲ, ಕಲ್ಲನ್ನು ಕೊರೆದು ಮಾಡಿದ ಅರಬ್ಬಿ ಅಕ್ಷರಗಳು. ಬೆಳಕು ಬರುವುದು ಅಕ್ಷರಗಳ ಸಂದಿನಿಂದ. ಒಳಗಿನ ಕೋಣೆಯ ಮಾಳಿಗೆ ಚಪ್ಪಟೆ ಕಲ್ಲುಗಳದು, ಆಧಾರವೇ ಇಲ್ಲದಂತೆ ತೂಗುತ್ತದೆ. ನಾವು ವಾಣಿಜ್ಯ ವಿಭಾಗದವರು ಹುಡುಕಬೇಕಾದ್ದು ಬಾಗಿಲ ಮೇಲಿನ ಒಂದು ಶಾಸನ. ಕಟ್ಟಿಸಿದ ಮಲಿಕ್ ಸಂದಲ್ ಅದರಲ್ಲಿ ಖರ್ಚಿನ ಲೆಕ್ಕ ಕೊಟ್ಟಿದ್ದಾನೆ: ಒಂದೂವರೆ ಲಕ್ಷ ಹೊನ್ನು, ಮೇಲೆ ಒಂಬೈನೂರು. ಆ ಒಂಬೈನೂರನ್ನೂ ಬಿಡದೆ ಕಲ್ಲಿನಲ್ಲಿ ಕೆತ್ತಿಸಿದ ಲೆಕ್ಕಿಗನ ಮೇಲೆ ನನಗೆ ಬಹಳ ಗೌರವ. ಇವೆಲ್ಲ ನಿಧಾನವಾಗಿ ನೋಡುವ ವಸ್ತುಗಳು. ಹಿಂದಿನಿಂದ ತಳ್ಳುವವರಿದ್ದರೆ ಕಿಟಕಿಯ ಅಕ್ಷರ ಕಾಣುವುದೇ ಇಲ್ಲ.

ಅಲ್ಲಿಂದ ಹಿಂದಿರುಗುವ ದಾರಿಯಲ್ಲಿ ತಾಜ್ ಬಾವಡಿ, ಉಪ್ಲಿ ಬುರುಜು, ಮಲಿಕ್-ಎ-ಮೈದಾನ್ ತೋಪು ಸಿಗುತ್ತವೆ. ತೋಪು 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದದ್ದು, ತೂಕ ಸುಮಾರು 55 ಟನ್. ಬಾಯಿ ಸಿಂಹದ ಮುಖದಂತಿದೆ, ಹಲ್ಲುಗಳ ನಡುವೆ ಆನೆ ಸಿಕ್ಕಿಕೊಂಡಿದೆ. 1854ರಲ್ಲಿ ಬ್ರಿಟಿಷರು ಇದನ್ನು ಹರಾಜು ಹಾಕಿದಾಗ ಬಂದ ಬೆಲೆ 150 ರೂಪಾಯಿ. ಆಮೇಲೆ ಹರಾಜನ್ನು ರದ್ದು ಮಾಡಿದ್ದರಿಂದ ತೋಪು ನಮ್ಮಲ್ಲಿ ಉಳಿಯಿತು. ಉಪ್ಲಿ ಬುರುಜಿನ ಮೆಟ್ಟಿಲುಗಳು ಹೊರಗಿನಿಂದ ಸುತ್ತಿ ಹೋಗುತ್ತವೆ, ಬಿಸಿಲೇರುವ ಮೊದಲು ಹತ್ತಿಬಿಡಿ. ಹನ್ನೆರಡರಿಂದ ಮೂರೂವರೆ ಮನೆಯಲ್ಲಿರಿ, ಊಟ ಮಾಡಿ, ಮಲಗಿ. ಅಮ್ಮಿ ಇದಕ್ಕೆ ಒಪ್ಪುವ ಕಾರಣ ಬೇರೆ, ನೆಂಟರು ಹೋಟೆಲಿನಲ್ಲಿ ಉಂಡು ಬಂದರೆ ಅವರಿಗೆ ಅವಮಾನವಾದಂತೆ. ಸಂಜೆಗೆ ಬಾರಾ ಕಮಾನ್ ಮತ್ತು ಗಗನ ಮಹಲ್ ಇಟ್ಟುಕೊಳ್ಳಿ. ಎರಡೂ ಊರ ನಡುವೆಯೇ ಇವೆ, ಎರಡಕ್ಕೂ ಮೇಲೆ ಛಾವಣಿ ಇಲ್ಲ. ಅಲ್ಲಿ ಜನ ಎಷ್ಟೇ ಇದ್ದರೂ ಕಮಾನಿನ ನಡುವೆ ಕಾಣುವ ಆಕಾಶಕ್ಕೆ ಏನೂ ಆಗುವುದಿಲ್ಲ.

ಇಷ್ಟೆಲ್ಲ ಯಾಕೆ ಎಂದು ಕೇಳಬಹುದು. ನಮ್ಮ ಓಣಿಯಲ್ಲಿ ಆಟೋ ಓಡಿಸುವ ಚಾಚಾ ಒಬ್ಬರಿದ್ದಾರೆ. ಹತ್ತೂವರೆಗೆ ಬಂದು ಒಂದೂವರೆಗೆ ಹೋಗುವ ಬಸ್ಸಿನಿಂದ ತಮಗೆ ಒಂದು ರೂಪಾಯಿಯೂ ಬರುವುದಿಲ್ಲ ಎನ್ನುತ್ತಾರೆ ಅವರು. ಬಸ್ಸಿನವರು ನೀರು, ಊಟ ಎಲ್ಲ ತಾವೇ ತಂದಿರುತ್ತಾರೆ. ಬೆಳಿಗ್ಗೆ ಆರಕ್ಕೆ ಗುಮ್ಮಟದಲ್ಲಿರಬೇಕಾದವರು ಹಿಂದಿನ ರಾತ್ರಿಯೇ ಊರಿಗೆ ಬಂದಿರಬೇಕು. ಆಗ ಲಾಡ್ಜಿನವರಿಗೆ ಒಂದು ಕೋಣೆ, ಆಟೋದವರಿಗೆ ಒಂದು ದಿನದ ಬಾಡಿಗೆ, ಚಹಾದಂಗಡಿಗೆ ನಾಲ್ಕು ಕಪ್ಪು, ಒಣದ್ರಾಕ್ಷಿ ಮಾರುವವರಿಗೆ ಒಂದು ಕಿಲೋ. ನಮ್ಮ ತರಗತಿಯಲ್ಲಿ ಇಂಥ ಮನೆಗಳಿಂದ ಬಂದವರು ಎಷ್ಟೋ ಜನರಿದ್ದೇವೆ.

ಎಷ್ಟು ಹೇಳಿದರೂ ಕೆಲವರು ಹನ್ನೊಂದಕ್ಕೇ ಬರುತ್ತಾರೆ, ಅವರ ರೈಲೋ ಬಸ್ಸೋ ಹಾಗಿರುತ್ತದೆ. ಅಂಥವರನ್ನು ನಿಲ್ದಾಣದಿಂದ ಹತ್ತಿರವಿದೆಯೆಂದು ನೇರ ಗುಮ್ಮಟಕ್ಕೆ ಕರೆದೊಯ್ಯಬೇಡಿ. ಮೊದಲು ಊಟ, ಆಮೇಲೆ ಜಾಮಿಯಾ ಮಸೀದಿಯ ನೆರಳು, ಮೂರೂವರೆಗೆ ಇಬ್ರಾಹಿಂ ರೋಜಾ. ಗುಮ್ಮಟಕ್ಕೆ ನಾಲ್ಕು ಮುಕ್ಕಾಲಿಗೆ ಹೋಗಿ. ದೂರದ ಬಸ್ಸುಗಳು ಆಗ ಹೊರಟಿರುತ್ತವೆ. ಆರಕ್ಕೆ ಮುಚ್ಚುವುದರಿಂದ ಹತ್ತುವ ಮಕ್ಕಳನ್ನು ಮೊದಲು ಮೇಲೆ ಕಳಿಸಿ, ಹತ್ತಲಾಗದವರ ಜೊತೆ ನೀವು ಕೆಳಗೆ ಕೂರಿ. ಮೇಲಿನವರು ಕೂಗಬಾರದು, ಸುಮ್ಮನೆ ಹೆಸರು ಹಿಡಿದು ಕರೆಯಬೇಕು ಎಂದು ಹತ್ತುವ ಮುಂಚೆಯೇ ಹೇಳಿಬಿಡಿ.